ಗಿರಣಿಯಲ್ಲಿ ಇಲ್ಲದ ಸಾಲು

ಗಿರಣಿಗಳಿಗೆ ಹೊಸ ಶೇಂಗಾ ಬರತೊಡಗಿದ್ದ ದಿನಗಳಲ್ಲಿ ನಮ್ಮ ಮಾಲೀಕರು ನನಗೆ ಆ ಕೆಲಸ ಹೇಳಿದರು. ಚಳ್ಳಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಕಚೇರಿ ನಮ್ಮದು. ಮುಂದಿನ ಕೋಣೆಯಲ್ಲಿ ಎಣ್ಣೆ ಗಿರಣಿಗಳಿಗೆ ಬೇಕಾದ ಕಂಟ್ರೋಲ್ ಪ್ಯಾನೆಲ್‌ಗಳ ವೈರಿಂಗ್ ನಡೆಯುತ್ತಿತ್ತು. ಹಿಂದಿನ ಕೋಣೆಯಲ್ಲಿ ಕೂತು ನಾನು, ಆ ಪ್ಯಾನೆಲ್‌ಗಳ ಹಿಂದಿರುವ ಕಂಪ್ಯೂಟರ್ ಏನು ಮಾಡಬೇಕೆಂದು ಹೇಳುವ ಪ್ರೋಗ್ರಾಮುಗಳನ್ನು ಬರೆಯುತ್ತಿದ್ದೆ. ಟ್ಯಾಂಕು ತುಂಬಿದರೆ ಪಂಪು ನಿಲ್ಲಿಸು, ಒತ್ತಡ ಏರಿದರೆ ದೀಪ ಹಚ್ಚು, ಇಂಥವು.

ಬರೆದದ್ದನ್ನೆಲ್ಲ ಒಂದು ಲಿನಕ್ಸ್ ಕಂಪ್ಯೂಟರಿನ ರೆಪಾಸಿಟರಿಯಲ್ಲಿ ಇಡುತ್ತಿದ್ದೆವು. ರೆಪಾಸಿಟರಿ ಎಂದರೆ ಕೋಡಿನ ಉಗ್ರಾಣ. ಒಂದು ಕಡತವನ್ನು ಹತ್ತು ಸಲ ತಿದ್ದಿದರೆ ಹತ್ತೂ ರೂಪಗಳು ಅಲ್ಲಿ ಉಳಿಯುತ್ತವೆ, ಪ್ರತಿ ರೂಪಕ್ಕೂ ಒಂದು ನಂಬರು ಬೀಳುತ್ತದೆ, ಯಾರು ತಿದ್ದಿದರು ಎಂಬುದೂ ದಾಖಲಾಗುತ್ತದೆ. ಆದರೆ ಅದನ್ನು ಓದಬೇಕಾದರೆ ಆ ಕಂಪ್ಯೂಟರಿನ ಮುಂದೆಯೇ ಕೂತು ಆಜ್ಞೆಗಳನ್ನು ಟೈಪು ಮಾಡಬೇಕಿತ್ತು. ಗಿರಣಿಗಳಿಗೆ ಹೋಗಿ ಯಂತ್ರ ಕೂರಿಸಿ ಬರುತ್ತಿದ್ದ ನಮ್ಮ ಸೈಟ್ ಎಂಜಿನಿಯರ್ ಅಲ್ಲಿಂದ ಫೋನು ಮಾಡಿ ಕೋಡಿನ ಸಾಲುಗಳನ್ನು ಓದಿಸಿಕೊಳ್ಳುತ್ತಿದ್ದ. ನಾನು ಓದುವಾಗ ಒಂದು ಚಿಹ್ನೆ ತಪ್ಪಿದರೆ ಅಲ್ಲಿ ಪಂಪು ಓಡುತ್ತಿರಲಿಲ್ಲ.

“ಎಲ್ಲಾ ಗಿರಣಿಯಾಗೂ ಫೋನ್ ಐತೆ, ಕಂಪ್ಯೂಟ್ರು ಐತೆ” ಎಂದರು ಮಾಲೀಕರು. “ನಮ್ ಮೋಡೆಮ್‌ಗೆ ಫೋನ್ ಹಚ್ಚಿ ಬ್ರೌಸರ್‌ನಾಗೆ ಕೋಡ್ ಓದಂಗಾಗ್ಬೇಕು. ಓದಾಕೆ ಮಾತ್ರ. ತಿದ್ದಾಕಲ್ಲ.”

ನಾನು ಮೊಳಕಾಲ್ಮೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವಳು. ಮನೆಯಲ್ಲಿ ಅಪ್ಪ ಮಗ್ಗದ ಗುಂಡಿಗೆ ಇಳಿಯುವ ಹೊತ್ತಿಗೆ ನಾನು ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದೆ. ಬಿ.ಜಿ. ಕೆರೆ, ತಳಕು ದಾಟಿದ ಮೇಲೆ, ಊರು ಇನ್ನೂ ದೂರವಿರುವಾಗಲೇ, ರಸ್ತೆಯ ಪಕ್ಕದಲ್ಲಿ ಒಂದು ದೊಡ್ಡ ಗಿರಣಿ ಸಿಗುತ್ತಿತ್ತು. ಗಾಣದಲ್ಲಿ ಹಿಂಡಿದ ಮೇಲೂ ಶೇಂಗಾ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಹೆಕ್ಸೇನ್ ಎಂಬ ದ್ರವದಿಂದ ತೊಳೆದು ತೆಗೆಯುವ ಗಿರಣಿ ಅದು. ಹೆಕ್ಸೇನ್ ಪೆಟ್ರೋಲಿನ ಬಳಗದ್ದು. ಅದರ ಆವಿ ಗಾಳಿಗಿಂತ ಭಾರ. ಮೇಲೇರಿ ಚದುರಿ ಹೋಗುವುದಿಲ್ಲ, ತಗ್ಗು ಹುಡುಕಿಕೊಂಡು ನೀರಿನ ಹಾಗೆ ಹರಿದು ನಿಲ್ಲುತ್ತದೆ. ಅಲ್ಲಿನ ಪ್ಯಾನೆಲ್ ನಮ್ಮದೇ. ಬಸ್ಸು ಅಲ್ಲಿ ನಿಂತಾಗ ಸಿಹಿಯಾದೊಂದು ಪೆಟ್ರೋಲ್ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಯಾರೂ ಮೂಗು ಮುಚ್ಚುತ್ತಿರಲಿಲ್ಲ. ಆ ವರ್ಷ ಅದು ನನಗೆ ಹಿಂದಿನ ವರ್ಷಕ್ಕಿಂತ ದಟ್ಟವಾಗಿ ತೋರಿತು. ಸೀಸನ್ ಜೋರಾಗಿದೆ ಎಂದುಕೊಂಡೆ.

ಕೆಲಸ ಶುರು ಮಾಡಿದೆ. ಸಿ.ಡಿ.ಯಿಂದ ವೆಬ್ ಸರ್ವರ್ ಹಾಕಿದೆ. ರೆಪಾಸಿಟರಿಯನ್ನು ಪುಟಗಳಾಗಿ ತೋರಿಸುವ ಒಂದು ಪರ್ಲ್ ಸ್ಕ್ರಿಪ್ಟನ್ನು, ಅಂದರೆ ಆ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಮನ್ನು, ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಹುಡುಕಿ ತೆಗೆದೆ. ಬ್ರೌಸರ್ ತೆರೆದರೆ ಬಿಳಿ ಹಾಳೆಯ ಮೇಲೆ ಸರ್ವರ್ ದೋಷ ಎಂಬ ಒಂದೇ ಮಾತು. ಸ್ಕ್ರಿಪ್ಟನ್ನು ಸಾಲುಸಾಲಾಗಿ ನೋಡಿದೆ, ತಪ್ಪು ಸಿಗಲಿಲ್ಲ. ಕೊನೆಗೆ ತಿಳಿದದ್ದು, ಅದನ್ನು ನಾನು ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದು ಉಳಿಸಿದ್ದರಿಂದ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿತ್ತು. ಅದನ್ನು ತೆಗೆದ ಮೇಲೆ ಕಡತಗಳ ಪಟ್ಟಿ ಬಂತು.

ಪಟ್ಟಿ ಬಂತು, ಆದರೆ ಯಾವ ಕಡತದ ಮೇಲೆ ಒತ್ತಿದರೂ ತೆರೆಯಲಿಲ್ಲ. ಒಬ್ಬರು ಓದುತ್ತಿರುವಾಗ ಇನ್ನೊಬ್ಬರು ಬದಲಿಸದಂತೆ ರೆಪಾಸಿಟರಿ ತಾನೇ ಒಂದು ಚಿಕ್ಕ ಬೀಗದ ಕಡತ ಬರೆದುಕೊಳ್ಳುತ್ತದೆ. ಓದುವುದಕ್ಕೂ ಅಲ್ಲಿ ಬರೆಯುವ ಅನುಮತಿ ಬೇಕು! ವೆಬ್ ಸರ್ವರಿಗೆ ಆ ಅನುಮತಿ ಕೊಟ್ಟರೆ, ಫೋನು ಹಚ್ಚಿ ಒಳಬಂದ ಯಾರಾದರೂ ಕೋಡನ್ನೇ ಕೆಡಿಸಬಹುದು. ಸೈಟ್ ಎಂಜಿನಿಯರ್ ಕೊಟ್ಟುಬಿಡು ಎಂದ. ನಾನು ಕೊಡಲಿಲ್ಲ. ಬೀಗದ ಕಡತಗಳನ್ನು ಬೇರೆ ಜಾಗದಲ್ಲಿ ಇಡುವಂತೆ ರೆಪಾಸಿಟರಿಗೆ ಹೇಳುವ ಒಂದು ಸಾಲಿನ ಉಪಾಯ ಕೈಪಿಡಿಯ ಮೂಲೆಯಲ್ಲಿ ಸಿಕ್ಕಿತು. ಆ ಜಾಗಕ್ಕೆ ಮಾತ್ರ ಅನುಮತಿ ಕೊಟ್ಟೆ. ಕಡತಗಳು ತೆರೆದವು.

ಮುಂದಿನದು ಕನ್ನಡದ ತೊಂದರೆ. ನನಗಿಂತ ಮೊದಲು ಅಲ್ಲಿ ಕೆಲಸ ಮಾಡಿ ಬಿಟ್ಟುಹೋಗಿದ್ದ ಪ್ರೋಗ್ರಾಮರ್ ಒಬ್ಬರು ಕೋಡಿನ ಪಕ್ಕದಲ್ಲಿ ವಿವರಣೆಗಳನ್ನು ಕನ್ನಡದಲ್ಲಿ ಬರೆದಿದ್ದರು. ಆಗಿನ ಕನ್ನಡ ಒಂದೊಂದು ಫಾಂಟಿಗೆ ಅಂಟಿಕೊಂಡಿದ್ದ ಕನ್ನಡ. ಬ್ರೌಸರಿನಲ್ಲಿ ಅದು ತಲೆಬುಡವಿಲ್ಲದ ರೋಮನ್ ಅಕ್ಷರಗಳಾಗಿ, ಅವುಗಳ ನೆತ್ತಿಯ ಮೇಲೆ ಕೊಂಬು ಬಾಲಗಳಾಗಿ ಕಾಣುತ್ತಿತ್ತು. ವಿವರಣೆಯ ಭಾಗಕ್ಕೆ ಮಾತ್ರ ಆ ಫಾಂಟು ಬಳಸುವಂತೆ ಸ್ಕ್ರಿಪ್ಟಿಗೆ ಹೇಳಿಕೊಟ್ಟೆ. ಅಕ್ಷರಗಳು ಮೂಡಿದವು. ಮೊದಲು ತೆರೆದದ್ದು ಎಚ್ಚರಿಕೆಯ ದೀಪಗಳ ಕಡತ. ಅದರಲ್ಲಿ, ಹೆಕ್ಸೇನ್ ಆವಿ ಸೋರಿದರೆ ಹತ್ತುವ ಗ್ಯಾಸ್ ದೀಪದ ಸಾಲಿನ ಪಕ್ಕ ಅವರು ಬರೆದಿದ್ದರು: ಇದು ಹತ್ತಿದರೆ ಎಲ್ಲರನ್ನೂ ಹೊರಗೆ ಕಳಿಸಿ.

ಆ ಪುಟ ನನಗೆ ಹಿಡಿಸಿತು. ಪ್ರತಿ ಸಾಲಿನ ಎಡಕ್ಕೆ ಅದನ್ನು ಬರೆದವರ ಹೆಸರು, ನಂಬರು. ತಿದ್ದುಪಡಿ ನೋಡಬೇಕೆಂದರೆ ಎರಡು ರೂಪಗಳು ಅಕ್ಕಪಕ್ಕ, ಬಿಟ್ಟದ್ದು ಒಂದು ಬಣ್ಣ, ಸೇರಿಸಿದ್ದು ಇನ್ನೊಂದು ಬಣ್ಣ. ನಮ್ಮ ಕೆಲಸವನ್ನು ಹೀಗೆ ಕಣ್ಣೆದುರು ಹರಡಿ ನೋಡಿದ್ದು ಅದೇ ಮೊದಲು.

ಮಾಲೀಕರು ನೋಡಿ ಒಂದು ಆಸೆ ಸೇರಿಸಿದರು. ಯಾವ ಗಿರಣಿಯಲ್ಲಿ ಯಾವ ನಂಬರಿನ ಪ್ರೋಗ್ರಾಮು ಓಡುತ್ತಿದೆ ಎಂಬುದೂ ಮೊದಲ ಪುಟದಲ್ಲೇ ಇರಬೇಕು. ನಮ್ಮ ಪ್ರೋಗ್ರಾಮು ಶುರುವಾದಾಗ ತನ್ನ ನಂಬರನ್ನು ಪರದೆಯ ಮೇಲೆ ತೋರಿಸುತ್ತಿತ್ತು. ನಾನು ಒಂದೊಂದೇ ಗಿರಣಿಗೆ ಫೋನು ಮಾಡಿ ನಂಬರು ಓದಿಸಿಕೊಂಡೆ. ಎಲ್ಲವೂ ರೆಪಾಸಿಟರಿಯಲ್ಲಿದ್ದ ನಂಬರುಗಳೇ. ಪುಟದಲ್ಲಿ ಪ್ರತಿ ಗಿರಣಿಯ ಮುಂದೆ ಹಸಿರು ಗುರುತು ಬಂತು.

ಮೊದಲು ಡಯಲ್ ಮಾಡಿ ನೋಡಲು ಹೆದ್ದಾರಿಯ ಆ ಹೆಕ್ಸೇನ್ ಗಿರಣಿಯನ್ನೇ ಆರಿಸಿಕೊಂಡೆವು. ಅಲ್ಲಿ ಎರಡು ಫೋನ್ ಲೈನಿದ್ದವು. ಒಂದರಲ್ಲಿ ಪುಟ ತೆರೆದುಕೊಂಡು ಇನ್ನೊಂದರಲ್ಲಿ ಮಾತಾಡಬಹುದು. ಪಾಳಿಯಲ್ಲಿದ್ದ ಆಪರೇಟರ್ ತಾಳ್ಮೆಯ ಮನುಷ್ಯ. ನಾನು ಹೇಳಿದಂತೆ ಒತ್ತುತ್ತಾ ಹೋದ. ದೀಪಗಳ ಕಡತ ಅವನ ಪರದೆಯ ಮೇಲೂ ಬಂತು. ಬರಿಯ ಓದು ಸಾಲದು, ಪುಟದಲ್ಲಿ ಇದ್ದಂತೆ ಪ್ಯಾನೆಲ್ ನಡೆಯುತ್ತದೆಯೇ ನೋಡೋಣ ಎಂದು ದೀಪಗಳನ್ನು ಪರೀಕ್ಷಿಸುವ ಬಟನ್ ಒತ್ತಲು ಹೇಳಿದೆ. ಅದನ್ನು ಒತ್ತಿದರೆ ಪ್ರೋಗ್ರಾಮಿನಲ್ಲಿರುವ ದೀಪಗಳೆಲ್ಲ ಸಾಲಾಗಿ ಒಮ್ಮೆ ಹತ್ತಿ ಆರುತ್ತವೆ. ಕೊನೆಯದು ಗ್ಯಾಸಿನ ಕೆಂಪು ದೀಪ.

“ಕೆಂಪುದು ಹತ್ತಲ್ಲ ಮೇಡಂ” ಎಂದ. “ನಾನು ಇಲ್ಲಿ ಸೇರಿದ್ಮೇಲೆ ಅದು ಹತ್ತಿದ್ದೇ ನೋಡಿಲ್ಲ. ಬಲ್ಬ್ ಹೋಗೈತೇನೋ.”

ಪಕ್ಕದ ದೀಪದ ಬಲ್ಬನ್ನು ಅದಕ್ಕೆ ಹಾಕಿಸಿದೆ. ಹತ್ತಲಿಲ್ಲ. ಅದರ ಬಲ್ಬನ್ನು ಪಕ್ಕಕ್ಕೆ ಹಾಕಿಸಿದೆ. ಅಲ್ಲಿ ಹತ್ತಿತು. ಪರದೆಯ ಮೇಲಿನ ನಂಬರನ್ನು ಮತ್ತೊಮ್ಮೆ ಓದಿಸಿದೆ. ನನ್ನ ಮುಂದಿದ್ದ ನಂಬರೇ. ನನ್ನ ಮುಂದಿದ್ದ ಆ ನಂಬರಿನ ಕಡತದಲ್ಲಿ ಗ್ಯಾಸ್ ದೀಪದ ಸಾಲು ಸ್ಪಷ್ಟವಾಗಿ ಇತ್ತು. ನೋಡಿ ಹೇಳುತ್ತೇನೆ ಎಂದು ಫೋನು ಇಟ್ಟೆ.

ಆ ನಂಬರನ್ನು ರೆಪಾಸಿಟರಿ ಅಚ್ಚು ಹಾಕುವುದು ತಿದ್ದಿದ ಕಡತವನ್ನು ಒಳಗೆ ತಂದಿಟ್ಟಾಗ ಮಾತ್ರ. ಹೊರಗೆ ಒಯ್ದು, ಅಲ್ಲೇ ತಿದ್ದಿ, ಯಂತ್ರ ಓದುವ ರೂಪಕ್ಕೆ ಕಂಪೈಲ್ ಮಾಡಿ, ಮರಳಿ ತಾರದಿದ್ದರೆ ಹಳೆಯ ನಂಬರೇ ಉಳಿದಿರುತ್ತದೆ. ಹೆಸರು ನಮ್ಮದು, ಒಳಗಿರುವುದು ಯಾರದ್ದೋ. ನಾನು ಅಷ್ಟು ದಿನ ಕೂತು ಕಟ್ಟಿದ ಪುಟದಲ್ಲಿ ಅದು ಕಾಣುವಂತೆಯೇ ಇರಲಿಲ್ಲ, ಏಕೆಂದರೆ ಅದು ಅಲ್ಲಿಗೆ ಬಂದೇ ಇರಲಿಲ್ಲ.

ಸೈಟ್ ಎಂಜಿನಿಯರ್ ಬಂದಾಗ ಪುಟ ತೆರೆದೇ ಇಟ್ಟಿದ್ದೆ. ಮೊದಲು ವೈರಿಂಗ್ ತಪ್ಪಿರಬೇಕು ಎಂದ. ಬಲ್ಬಿನ ವಿಷಯ ಹೇಳಿದೆ. ಕುರ್ಚಿ ಎಳೆದುಕೊಂಡು ಕೂತ.

“ಗಿರಣಿ ಆಗ ಹೊಸದು” ಎಂದ. “ಬರೀ ನೀರಿನ ಆವಿಗೇ ಗ್ಯಾಸ್ ಸೆನ್ಸರ್ ಹೊಡ್ಕಣದು. ಒಂದ್ ದಿನಕ್ಕೆ ಹತ್ತು ಸಲ ಕೆಂಪು ದೀಪ ಹತ್ತಿ ಗಿರಣಿ ನಿಂತೋಗ್ತಿತ್ತು. ಮ್ಯಾನೇಜರು ತಲೆ ಮೇಲೆ ಕೂತಿದ್ರು. ಸೆನ್ಸರ್ ಬದಲಾಯ್ಸಾವರ್ಗೂ ಅಂತ ಆ ಸಾಲು ತೆಗ್ದು ಅಲ್ಲೇ ಕಂಪೈಲ್ ಮಾಡಿ, ಫ್ಲಾಪಿಗೆ ತುಂಬಿ ಹಾಕ್ದೆ.”

“ಸೆನ್ಸರ್ ಬದಲಾಯ್ತಾ?”

“ಆಯ್ತು.”

“ಸಾಲು?”

ಅವನು ಪರದೆಯನ್ನೇ ನೋಡುತ್ತಿದ್ದ. ಇನ್ನೊಂದು ಊರಿನ ಕೆಲಸ ಬಂದಿತ್ತಂತೆ, ಹೋದನಂತೆ, ಮರೆತನಂತೆ. ಅವನು ಕೆಟ್ಟವನಲ್ಲ. ಬಿಸಿಲಿನಲ್ಲಿ ಮೋಟಾರು ಬೈಕಿನ ಮೇಲೆ ಊರೂರು ಅಲೆದು, ಎಲ್ಲರ ಬೈಗಳನ್ನೂ ತಾನೊಬ್ಬನೇ ತಿಂದು ಬರುತ್ತಿದ್ದವನು. ಅವನ ಮುಖ ನೋಡಿ ನನಗೆ ಕೋಪ ಬರಲಿಲ್ಲ, ಹೆದರಿಕೆಯಾಯಿತು.

ಮಾಲೀಕರು ಕೇಳಿಸಿಕೊಂಡು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಬೈಯಲಿಲ್ಲ. ಸರಿಯಾದ ಪ್ರೋಗ್ರಾಮು ಹಾಕಬೇಕೆಂದರೆ ಗಿರಣಿ ನಿಲ್ಲಿಸಬೇಕು. ಸೀಸನ್ನಿನ ನಡುವೆ ನಿಲ್ಲಿಸಿ ಎಂದರೆ, ಅದೂ ಕಾರಣ ಇದು ಎಂದರೆ, ನಮ್ಮ ಪ್ಯಾನೆಲ್‌ಗಳನ್ನೆಲ್ಲ ಕಿತ್ತು ರಸ್ತೆಗೆ ಹಾಕುತ್ತಾರೆ. ಉಳಿದ ಗಿರಣಿಗಳವರೂ ಅದನ್ನೇ ಮಾಡುತ್ತಾರೆ ಎಂದರು. ಸಂಕ್ರಾಂತಿ ಕಳೆದು ಗಿರಣಿ ತಾನೇ ನಿಂತಾಗ ಹೋಗಿ ಸದ್ದಿಲ್ಲದೆ ಹಾಕಿ ಬಂದರಾಯಿತು. ಇಷ್ಟು ದಿನ ಏನೂ ಆಗಿಲ್ಲವಲ್ಲ.

ಪುಟವನ್ನು ಏನು ಮಾಡಲಿ ಎಂದು ಕೇಳಿದೆ.

“ಏನೂ ಮಾಡ್ಬೇಡ” ಎಂದರು. “ಪುಟದಾಗೆ ಎಲ್ಲಾ ಸರಿಯಾಗೇ ಐತಲ್ಲ.”

ಸಂಜೆಯ ಬಸ್ಸು ಆ ಗಿರಣಿಯ ಮುಂದೆ ಹಾದಾಗ ನಾನು ಕಿಟಕಿಯಿಂದ ಮುಖ ತಿರುಗಿಸಿದೆ. ಚಿಮಣಿಯಿಂದ ಹೊಗೆ ಏಳುತ್ತಿತ್ತು. ಬಾಯ್ಲರಿಗೆ ಅವರು ಶೇಂಗಾ ಹೊಟ್ಟನ್ನೇ ಉರಿಸುತ್ತಿದ್ದರು. ಹೆಕ್ಸೇನ್ ಇರುವ ಕಟ್ಟಡಕ್ಕೂ ಬಾಯ್ಲರಿನ ಬೆಂಕಿಗೂ ನಡುವೆ ಗೋಡೆ ಇದೆ, ದೂರವಿದೆ, ಎಲ್ಲ ಲೆಕ್ಕ ಹಾಕಿ ಕಟ್ಟಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯಲ್ಲಿ ಅವ್ವ ಯಾಕೆ ಊಟ ಸೇರುತ್ತಿಲ್ಲ ಎಂದು ಕೇಳಿದಾಗ ತಲೆನೋವು ಎಂದೆ.

ಹೀಗೆ ಕೆಲವು ದಿನ ಹೋದವು. ಕಚೇರಿಯಲ್ಲಿ ಮೂವರೂ ಆ ಗಿರಣಿಯ ಮಾತೆತ್ತುತ್ತಿರಲಿಲ್ಲ. ಉಳಿದ ಗಿರಣಿಗಳವರು ಡಯಲ್ ಮಾಡಿ ಪುಟ ನೋಡತೊಡಗಿದ್ದರು. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಹಸಿರು ಗುರುತುಗಳು ಹಾಗೆಯೇ ಇದ್ದವು.

ಒಂದು ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಆ ಬಯಲಿನಲ್ಲಿ ಗಾಳಿ ಇಲ್ಲದ ಬೆಳಗು ಅಪರೂಪ. ಮಂಜು ಹೊಲಗಳ ಮೇಲೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಬಿ.ಜಿ. ಕೆರೆಯಲ್ಲಿ ಹತ್ತಿದವನೊಬ್ಬ ನನ್ನ ಹಿಂದಿನ ಸೀಟಿನಲ್ಲಿ ಕೂತು ಕಂಡಕ್ಟರಿಗೆ ಗಿರಣಿ ಸ್ಟಾಪ್ ಎಂದು ಹೇಳಿದ. ಆ ದನಿ ನನಗೆ ಗೊತ್ತಿತ್ತು. ತಿರುಗಿ ನೋಡಿದೆ. ಮಫ್ಲರ್ ಸುತ್ತಿಕೊಂಡ ನಡುವಯಸ್ಸಿನ ಮನುಷ್ಯ. ನೀವು ಆಪರೇಟರ್ ಅಲ್ಲವೇ ಎಂದು ಕೇಳಿದಾಗ ಅವನಿಗೂ ನನ್ನ ದನಿ ಗುರುತಾಯಿತು. ನಗುತ್ತಾ ಮುಂದೆ ಬಂದು ಕೂತ.

ಮನೆಯ ಮಾತು, ಮಗಳ ಮದುವೆಯ ಮಾತು ಬಂತು. ಈಚೆಗೆ ಪಾಳಿಯಲ್ಲಿ ಎಲ್ಲರಿಗೂ ತಲೆ ಭಾರವಾಗುತ್ತದೆ, ಇಬ್ಬರು ವಾಂತಿ ಮಾಡಿಕೊಂಡರು, ಚಳಿಗೆ ಇರಬೇಕು ಎಂದ. ವಾಸನೆ ಬರುವುದಿಲ್ಲವೇ ಎಂದೆ. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಮೂಗಿಗೆ ಅಭ್ಯಾಸವಾಗಿಬಿಡುತ್ತದೆ, ಆಮೇಲೆ ಏನೂ ತಿಳಿಯುವುದಿಲ್ಲ, ದೀಪ ಹತ್ತಿಲ್ಲ ಎಂದ ಮೇಲೆ ಏನಿಲ್ಲ ಎಂದ. ಹಾಗೆಂದವನೇ ನೆನಪಾಗಿ, “ನೀವ್ ಅವತ್ತು ನೋಡಿ ಹೇಳ್ತೀನಿ ಅಂದ್ರಲ್ಲ, ಆ ಕೆಂಪು ದೀಪ, ಏನಾಗಿತ್ರಿ?” ಎಂದು ಕೇಳಿದ.

ತಳಕು ಆಗಲೇ ಹಿಂದೆ ಬಿದ್ದಿತ್ತು. ಮಾಲೀಕರು ಹೇಳಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅವರ ಮಾತಿನಲ್ಲಿ ಗಿರಣಿ ಇತ್ತು, ಪ್ಯಾನೆಲ್ ಇತ್ತು, ಸೀಸನ್ ಇತ್ತು. ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡು ಕೂತವನು ಇರಲಿಲ್ಲ. ನನ್ನ ಯೋಚನೆಯಲ್ಲೂ ಅಲ್ಲಿಯವರೆಗೆ ಇರಲಿಲ್ಲ ಎಂದೇ ಹೇಳಬೇಕು.

ಹೇಳಿದೆ. ಕೆಂಪು ದೀಪ ಹತ್ತುವುದಕ್ಕೆ ಬೇಕಾದ ಸಾಲು ನಿಮ್ಮ ಗಿರಣಿಯ ಕಂಪ್ಯೂಟರಿನಲ್ಲಿ ಇಲ್ಲ, ಗ್ಯಾಸ್ ಎಷ್ಟು ತುಂಬಿದರೂ ಅದು ಹತ್ತುವುದಿಲ್ಲ ಎಂದೆ.

“ಅಂದ್ರೆ” ಎಂದ ನಿಧಾನವಾಗಿ, “ಇಷ್ಟು ದಿನ ದೀಪ ಹತ್ತಿಲ್ಲ ಅಂದ್ರೆ ಗ್ಯಾಸ್ ಇರ್ಲಿಲ್ಲ ಅಂತಲ್ಲ.”

ಬಸ್ಸು ಗಿರಣಿಯ ಮುಂದೆ ನಿಂತಾಗ ಅವನ ಹಿಂದೆ ನಾನೂ ಇಳಿದೆ. ಆ ವಾಸನೆ ಮಂಜಿನೊಳಗೆ ಸೇರಿಕೊಂಡು ರಸ್ತೆಯವರೆಗೂ ಬಂದಿತ್ತು.

ಬೆಳಗಿನ ಪಾಳಿಯವರು ಗೇಟಿನ ಹತ್ತಿರ ಸೇರಿದ್ದರು. ಆಪರೇಟರ್ ಅವರಿಗೆ ಕೂಗಾಡದೆ ವಿಷಯ ಹೇಳಿದ. ಯಾರೂ ಒಳಗೆ ಹೋಗಲಿಲ್ಲ. ರಾತ್ರಿ ಪಾಳಿಯವರಿಗೂ ಸುದ್ದಿ ಹೋಗಿ, ಅವರು ಹಿಂಡಿ ಸುರಿಯುವುದನ್ನು ನಿಲ್ಲಿಸಿ ಹೊರಗೆ ಬಂದರು. ಬಾಯ್ಲರಿಗೆ ಹೊಟ್ಟು ಹಾಕುವವರು ಮಾತ್ರ ಅಲ್ಲೇ ಉಳಿದರು. ಮ್ಯಾನೇಜರು ಬಂದವರೇ ನನ್ನನ್ನು ಯಾರು ಕಳಿಸಿದ್ದು ಎಂದು ಕೇಳಿದರು. ಯಾರೂ ಕಳಿಸಿಲ್ಲ ಎಂದೆ. ಅವರ ಕಚೇರಿ ಗೇಟಿನ ಪಕ್ಕದಲ್ಲಿ, ಕಟ್ಟಡದಿಂದ ದೂರವಿತ್ತು. ಅಲ್ಲಿಂದ ಸೈಟ್ ಎಂಜಿನಿಯರ್ ಮನೆಗೆ ಫೋನು ಮಾಡಿದೆ. ರೆಪಾಸಿಟರಿಯಿಂದ ಹೊಸದಾಗಿ ತೆಗೆದು ಕಂಪೈಲ್ ಮಾಡಿ ಫ್ಲಾಪಿಯಲ್ಲಿ ತಾ ಎಂದೆ. ಬರುತ್ತೇನೆ ಎಂದಷ್ಟೇ ಹೇಳಿದ.

ಅವನು ಬರುವವರೆಗೆ ಮ್ಯಾನೇಜರನ್ನು ಒಪ್ಪಿಸಬೇಕಿತ್ತು. ಅವರ ಕಂಪ್ಯೂಟರಿನಿಂದ ನಮ್ಮ ಕಚೇರಿಗೆ ಡಯಲ್ ಮಾಡಿದೆ. ಮೋಡೆಮ್ ಕೀರಲುಗುಟ್ಟಿ ಸುಮ್ಮನಾಯಿತು. ಪುಟ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಮ್ಯಾನೇಜರು, ಆಪರೇಟರ್, ನಾನು, ಬಾಗಿಲಲ್ಲಿ ಇನ್ನಿಬ್ಬರು, ಎಲ್ಲರೂ ಆ ಪರದೆಯನ್ನೇ ನೋಡುತ್ತಾ ನಿಂತೆವು. ಒತ್ತಡದ ಸಾಲು ಬಂತು, ಮಟ್ಟದ ಸಾಲು ಬಂತು. ಕೊನೆಗೆ ಗ್ಯಾಸಿನ ಸಾಲು. ಅವರಲ್ಲಿ ಆ ಕನ್ನಡ ಫಾಂಟು ಇರಲಿಲ್ಲ. ಪಕ್ಕದ ವಿವರಣೆ ಮತ್ತೆ ಕೊಂಬು ಬಾಲಗಳಾಗಿ ಕಂಡಿತು. ಅಲ್ಲಿ ಏನು ಬರೆದಿದೆ ಎಂದು ಮ್ಯಾನೇಜರು ಕೇಳಿದರು. ನನಗೆ ಬಾಯಿಪಾಠವಾಗಿತ್ತು. ಹೇಳಿದೆ. ನಿಮ್ಮ ಪ್ಯಾನೆಲ್ ನಡೆಯುತ್ತಿರುವುದು ಈ ಸಾಲಿಲ್ಲದೆ ಎಂದೆ.

ಅವರು ಕುಗ್ಗಲಿಲ್ಲ. ಅದು ಸುಳ್ಳು ಅಲಾರಾಂ ಎಂದು ಅವತ್ತೇ ಗೊತ್ತಾಗಿತ್ತು, ತಾನೇ ತೆಗೆಸಿದ್ದು ಎಂದು ಎಲ್ಲರೆದುರಿಗೇ ಹೇಳಿದರು. ಹೇಗೂ ನಿಂತಿದೆಯಲ್ಲ, ಹಾಕಿ ತೋರಿಸಿ. ಮತ್ತೆ ಸುಮ್ಮಸುಮ್ಮನೆ ಹೊಡೆದುಕೊಂಡರೆ ಸಂಜೆಯೊಳಗೆ ನಿಮ್ಮ ಡಬ್ಬಗಳನ್ನೆಲ್ಲ ಕಿತ್ತುಕೊಂಡು ಹೋಗಿ ಎಂದರು.

ಸೈಟ್ ಎಂಜಿನಿಯರ್ ಬಂದ. ಬೈಕನ್ನು ರಸ್ತೆಯಲ್ಲೇ ಆರಿಸಿ ನಡೆದುಕೊಂಡು ಬಂದದ್ದನ್ನು ಗಮನಿಸಿದೆ. ಕಂಟ್ರೋಲ್ ರೂಮಿನಲ್ಲಿ ಫ್ಲಾಪಿ ಹಾಕಿ, ಕಡತ ನಕಲು ಮಾಡಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿದ. ಪರದೆಯ ಮೇಲೆ ಅದೇ ನಂಬರು ಬಂತು. ಮರುಕ್ಷಣ ಕೆಂಪು ದೀಪ ಹತ್ತಿತು. ಬಟನ್ ಯಾರೂ ಒತ್ತಿರಲಿಲ್ಲ.

“ನೋಡಿದ್ರಾ?” ಎಂದರು ಮ್ಯಾನೇಜರು. “ಅದೇ ರಾಗ.”

ಸೆನ್ಸರ್ ಇದ್ದದ್ದು ಹೆಕ್ಸೇನ್ ಕಟ್ಟಡದ ಗೋಡೆಯ ಬುಡದಲ್ಲಿ. ಸೈಟ್ ಎಂಜಿನಿಯರ್ ಅದನ್ನು ಗೋಡೆಯಿಂದ ಬಿಚ್ಚಿ, ಸುರುಳಿ ಸುತ್ತಿಟ್ಟಿದ್ದ ಉದ್ದದ ಕೇಬಲ್ ಎಳೆದುಕೊಂಡು ಕೈಯಲ್ಲಿ ಹಿಡಿದ. ನಾನು ಕಂಟ್ರೋಲ್ ರೂಮಿನ ಕಿಟಕಿಯಲ್ಲಿ ನಿಂತು ದೀಪ ನೋಡುತ್ತಿರಬೇಕು. ಹತ್ತಿದ್ದರೆ ಕೈ ಎತ್ತಿರಬೇಕು, ಆರಿದರೆ ಇಳಿಸಬೇಕು. ಹಾಗೆಂದು ಹೇಳಿ ಹೊರಟ.

ಮೊದಲು ಅವನು ಅಂಗಳದ ಎತ್ತರದ ಕಟ್ಟೆಯ ಮೇಲೆ ಹೋಗಿ ಸೆನ್ಸರನ್ನು ತಲೆಯ ಮೇಲೆ ಹಿಡಿದ. ದೀಪ ಆರಿತು. ಕೈ ಇಳಿಸಿದೆ. ಸುಳ್ಳು ಅಲಾರಾಂ ಅಲ್ಲ ಎಂಬುದು ಅಲ್ಲಿಗೆ ತಿಳಿದುಹೋಯಿತು. ಕೆಳಗಿಳಿದು ಕೇಬಲ್‌ಗಳು ಹಾಯುವ ಚರಂಡಿಯ ಚಪ್ಪಡಿ ಸರಿಸಿ ಸೆನ್ಸರನ್ನು ಒಳಗೆ ಇಳಿಬಿಟ್ಟ. ದೀಪ ಹತ್ತಿತು. ಕೈ ಎತ್ತಿದೆ. ಆ ಚರಂಡಿಯ ತುಂಬ ಮರಳು ತುಂಬಿರಬೇಕು, ಆವಿ ಹರಿಯದಿರಲೆಂದು. ಆ ವರ್ಷ ಹೊಸ ಕೇಬಲ್ ಎಳೆಯುವಾಗ ತೆಗೆದ ಮರಳನ್ನು ಯಾರೂ ಮತ್ತೆ ತುಂಬಿರಲಿಲ್ಲ. ಅವನು ಮುಂದಿನ ಚಪ್ಪಡಿಗೆ ಹೋದ. ನನ್ನ ಕೈ ಎತ್ತಿಯೇ ಇತ್ತು. ಅದರ ಮುಂದಿನದಕ್ಕೆ ಹೋದ. ಒಂದೊಂದು ಸಲವೂ ಬಗ್ಗಿ ಇಳಿಬಿಟ್ಟು, ತಲೆ ಎತ್ತಿ ಕಿಟಕಿಯ ಕಡೆ ನೋಡುತ್ತಿದ್ದ. ನನ್ನ ಕೈ ಇಳಿಯಲಿಲ್ಲ. ಚರಂಡಿ ಅಂಗಳ ದಾಟಿ ಎದುರಿನ ಗೋಡೆಯವರೆಗೂ ಹೋಗುತ್ತಿತ್ತು. ಆ ಗೋಡೆಯ ಬುಡದಲ್ಲಿ ಅವನು ಕೊನೆಯ ಸಲ ಬಗ್ಗಿದಾಗಲೂ ದೀಪ ಉರಿಯುತ್ತಿತ್ತು. ಗೋಡೆಯ ಆಚೆ ಬಾಯ್ಲರು.

ಮ್ಯಾನೇಜರು ನನ್ನ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಆಪರೇಟರಿಗೆ ಮೆಲ್ಲಗೆ ಹೇಳಿದರು, “ಬಾಯ್ಲರ್‌ಗೆ ಹೊಟ್ಟು ಹಾಕೋದು ನಿಲ್ಸು. ಎಲ್ರೂ ಹೊರಗೆ ಹೋಗ್ರಿ. ಗಾಡಿ ಯಾವುದೂ ಸ್ಟಾರ್ಟ್ ಮಾಡಂಗಿಲ್ಲ.”

ಹೊಟ್ಟಿನ ಬೆಂಕಿಯನ್ನು ಬೇಕೆಂದಾಗ ಆರಿಸಲಾಗುವುದಿಲ್ಲ. ಒಳಗೆ ಬಿದ್ದಿರುವುದು ಉರಿದು ಮುಗಿಯಬೇಕು. ಅಂಗಳದಲ್ಲಿ ನಿಂತಿದ್ದ ಲಾರಿಗಳನ್ನು ಮುಟ್ಟದೆ, ಎಲ್ಲರೂ ರಸ್ತೆ ದಾಟಿ ಎದುರಿನ ಶೇಂಗಾ ಹೊಲಕ್ಕೆ ಹೋಗಿ ನಿಂತೆವು. ಎಷ್ಟೋ ಜನ ಬರಿಗಾಲಲ್ಲಿ ಬಂದಿದ್ದರು. ಯಾರೋ ಅಭ್ಯಾಸಬಲದಿಂದ ಕಿಸೆಯಿಂದ ಬೀಡಿ ತೆಗೆದರು, ಪಕ್ಕದವರು ಮಾತಿಲ್ಲದೆ ಅದನ್ನು ಕಸಿದುಕೊಂಡರು. ಎಲ್ಲರ ಕಣ್ಣೂ ಚಿಮಣಿಯ ಮೇಲೆ. ಹೊಗೆ ಕಪ್ಪಗಿತ್ತು, ಬೂದಿ ಬಣ್ಣಕ್ಕೆ ತಿರುಗಿತು, ಆದರೆ ಬರುತ್ತಲೇ ಇತ್ತು. ಇಷ್ಟು ದಿನ ಗೋಡೆಯ ಈಚೆಗೆ ಬಂದು ನಿಂತ ಆವಿ ಇನ್ನೊಂದಿಷ್ಟು ಹೊತ್ತು ಅಲ್ಲೇ ನಿಲ್ಲಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಅದು ಅಲ್ಲೇ ನಿಂತಿತು. ಬಿಸಿಲೇರಿ ಗಾಳಿ ಎದ್ದಿತು, ಹೊಗೆ ತೆಳುವಾಯಿತು. ಆ ದಿನ ಅಲ್ಲಿ ಏನೂ ಹತ್ತಿಕೊಳ್ಳಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆವಿಯನ್ನು ತಣಿಸುವ ಕೊಳವೆಯೊಂದರ ಗ್ಯಾಸ್ಕೆಟ್ ಸವೆದು ಸೋರುತ್ತಿದ್ದದ್ದು ಆಮೇಲೆ ಸಿಕ್ಕಿತು. ಅದನ್ನು ಬದಲಾಯಿಸಿದರು, ಚರಂಡಿಗೆ ಮರಳು ತುಂಬಿದರು. ನಮ್ಮ ಮಾಲೀಕರು ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ. ನಮ್ಮ ಪ್ಯಾನೆಲ್‌ಗಳನ್ನು ಯಾರೂ ಕೀಳಲಿಲ್ಲ.

ಆದರೆ ಇವೆಲ್ಲ ಆಮೇಲಿನ ಮಾತು. ಹೊಗೆ ಇನ್ನೂ ಬರುತ್ತಿದ್ದಾಗಲೇ, ಆ ಹೊಲದಲ್ಲಿ, ಮ್ಯಾನೇಜರು ನಮ್ಮಿಬ್ಬರ ಹತ್ತಿರ ಬಂದು ನಿಂತರು. ಬೈಯುವುದಕ್ಕೆ ಬಂದರೇನೋ ಎಂದುಕೊಂಡೆ. ಅವರು ಸೈಟ್ ಎಂಜಿನಿಯರನ್ನು ಒಂದೇ ಮಾತು ಕೇಳಿದರು.

“ಅವತ್ತು ಸಾಲು ತೆಗ್ದು ಮಾಡಿದ್ಯಲ್ಲ, ಆ ಫ್ಲಾಪಿ. ಇಲ್ಲಿಂದ ಎಲ್ಲಿಗೆ ಒಯ್ದೆ?”

ಅವನು ತಲೆ ಎತ್ತಲಿಲ್ಲ. ರಾಯದುರ್ಗದ ಆಚೆ ಇನ್ನೊಂದು ಹೆಕ್ಸೇನ್ ಗಿರಣಿ ಇತ್ತು, ಇಲ್ಲಿಂದ ನೇರ ಅಲ್ಲಿಗೇ ಹೋದೆ, ಕೈಯಲ್ಲಿದ್ದ ಫ್ಲಾಪಿಯನ್ನೇ ಹಾಕಿದೆನೋ ಬೇರೆಯದನ್ನೋ ನೆನಪಿಲ್ಲ ಎಂದ. ನನ್ನ ಪುಟದಲ್ಲಿ ಆ ಗಿರಣಿಯ ಮುಂದೆಯೂ ಹಸಿರು ಗುರುತು ಇತ್ತು.

ರಸ್ತೆಯುದ್ದಕ್ಕೂ ಓಡಿದೆ. ಸ್ವಲ್ಪ ದೂರದಲ್ಲಿ ಒಂದು ಟೀ ಅಂಗಡಿ, ಅದಕ್ಕಂಟಿಕೊಂಡು ಎಸ್.ಟಿ.ಡಿ. ಬೂತ್. ಆ ಗಿರಣಿಯ ಫೋನ್ ನಂಬರು ನನ್ನ ಚೀಲದಲ್ಲಿತ್ತು. ಮೊದಲ ಸಲ ಲೈನು ಸಿಗಲಿಲ್ಲ. ಎರಡನೆಯ ಸಲ ಬಹಳ ಹೊತ್ತು ರಿಂಗಾಯಿತು. ಎತ್ತಿದವನು ತೆಲುಗಿನವನು. ನಮ್ಮೂರಿನಲ್ಲಿ ಬೆಳೆದವರಿಗೆ ತೆಲುಗು ಕಲಿಯಬೇಕಾಗಿಲ್ಲ. ದೀಪ ಪರೀಕ್ಷೆಯ ಬಟನ್ ಒತ್ತಿ, ಕೊನೆಯ ಕೆಂಪು ದೀಪ ಹತ್ತಿತೇ ನೋಡಿ ಹೇಳಿ ಎಂದೆ. ಅವನು ರಿಸೀವರ್ ಮೇಜಿನ ಮೇಲಿಟ್ಟು ಹೋದ. ಅದರೊಳಗಿಂದ ಅಲ್ಲಿನ ಯಂತ್ರಗಳ ಗುಡುಗು ಕೇಳುತ್ತಿತ್ತು.

“ವೆಲಗಲೇದಮ್ಮಾ” ಎಂದ ಬಂದು. ಹತ್ತಲಿಲ್ಲವಂತೆ.

“ಬಾಯ್ಲರ್ ಆಪಂಡಿ” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. “ಅನ್ನೀ ಆಪಂಡಿ. ಅಂದರೂ ಬಯಟಿಕಿ ವೆಳ್ಳಿಪೋಂಡಿ.” ಎಲ್ಲ ನಿಲ್ಲಿಸಿ, ಎಲ್ಲರೂ ಹೊರಗೆ ಹೋಗಿ ಎಂದು.

ಯಾಕೆ, ಏನು ಎಂದು ಅವನು ಕೇಳಲಿಲ್ಲ. ಫೋನು ಇಡುವುದನ್ನೂ ಮರೆತು ಓಡಿದ. ರಿಸೀವರ್ ಮೇಜಿನ ಮೇಲೆ ಬಿದ್ದ ಸದ್ದಾಯಿತು, ಯಾರನ್ನೋ ಕೂಗಿದ್ದು ಕೇಳಿತು. ಆಮೇಲೆ ಬರೀ ಆ ಗುಡುಗು. ನಾನು ಬೂತಿನ ಗಾಜಿನ ಡಬ್ಬಿಯೊಳಗೆ ಕಿವಿಗೆ ಫೋನು ಒತ್ತಿಕೊಂಡು ನಿಂತಿದ್ದೆ. ಹೊರಗೆ ಯಾರೋ ಬಾಗಿಲು ತಟ್ಟಿದರು, ತಿರುಗಲಿಲ್ಲ. ಗುಡುಗು ಹಾಗೆಯೇ ಇತ್ತು. ಬಹಳ ಹೊತ್ತಿನ ಮೇಲೆ ಅದರೊಳಗಿಂದ ಒಂದು ಮೋಟಾರು ಕಳಚಿಕೊಂಡಿತು. ಇನ್ನೊಂದು ಕಳಚಿಕೊಂಡಿತು. ಕೊನೆಗೆ ಉಳಿದ ಒಂದು ತೆಳ್ಳಗಿನ ಸದ್ದು ಇಳಿಯುತ್ತಾ ಇಳಿಯುತ್ತಾ ಹೋಗಿ, ನಿಂತಿತು.